ಶ್ವಾಸಕೋಶದ ಗಂಟು, ಗರ್ಭಕೊರಳಿನ ಗುರುತು

ಗರ್ಭಕೊರಳಿನ ಕ್ಯಾನ್ಸರ್ ಚಿಕಿತ್ಸೆಯ ನಂತರ ಮರುಕಳಿಸುವುದಿದ್ದರೆ ಬಹುಪಾಲು ಮೊದಲ ಎರಡು ಮೂರು ವರ್ಷಗಳಲ್ಲೇ ಮರುಕಳಿಸುತ್ತದೆ. ಆಸ್ಪತ್ರೆಗಳ ತಪಾಸಣೆಯ ವೇಳಾಪಟ್ಟಿ ಈ ಲೆಕ್ಕವನ್ನು ನಂಬಿಯೇ ಸಿದ್ಧವಾದದ್ದು. ಮೊದಲ ಎರಡು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ, ಐದನೆಯ ವರ್ಷದವರೆಗೆ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ, ಆಮೇಲೆ ವರ್ಷಕ್ಕೊಂದು ಸಲ. ಐದು ವರ್ಷ ದಾಟಿದರೆ ಗೆದ್ದಂತೆ ಎಂಬ ಮಾತು ರೋಗಿಯ ಮನೆಯಲ್ಲೂ ವೈದ್ಯರ ಕೋಣೆಯಲ್ಲೂ ಕೇಳಿಬರುತ್ತದೆ. ಹೆಚ್ಚಿನವರ ಮಟ್ಟಿಗೆ ಅದು ನಿಜವೂ ಹೌದು. ಆದರೆ ಈ ಅಂಗದಲ್ಲಿ ಹುಟ್ಟುವ ಕೆಲವು ಅಪರೂಪದ ಕ್ಯಾನ್ಸರ್‌ಗಳು ಈ ಪಂಚಾಂಗಕ್ಕೆ ಬಗ್ಗುವುದಿಲ್ಲ. ಅವುಗಳಲ್ಲೊಂದು ಮೀಸೋನೆಫ್ರಿಕ್ ಅಡಿನೋಕಾರ್ಸಿನೋಮಾ. ಗರ್ಭಕೊರಳಿನ ನೂರು ಕ್ಯಾನ್ಸರ್‌ಗಳಲ್ಲಿ ಒಂದಕ್ಕಿಂತ ಕಡಿಮೆ ಪ್ರಮಾಣದಲ್ಲಿರುವ ಇದು ಶಸ್ತ್ರಚಿಕಿತ್ಸೆಯಾಗಿ ಹಲವು ವರ್ಷ ಸದ್ದಿಲ್ಲದೆ ಇದ್ದು, ಆಮೇಲೆ ಬಹಳ ದೂರದಲ್ಲಿ, ಹೆಚ್ಚಾಗಿ ಶ್ವಾಸಕೋಶದಲ್ಲಿ, ಒಂದು ಗಂಟಾಗಿ ಕಾಣಿಸಿಕೊಳ್ಳುವುದುಂಟು. ಹಾಗೆ ಕಂಡ ಗಂಟನ್ನು ನೋಡಿ ‘ಇದು ಶ್ವಾಸಕೋಶದ್ದಲ್ಲ, ಗರ್ಭಕೊರಳಿನದ್ದು’ ಎಂದು ಹೇಳುವುದು ಪೆಥಾಲಜಿಸ್ಟ್‌ಗಳಿಗೂ ಸುಲಭವಲ್ಲ.

ಈ ಕ್ಯಾನ್ಸರ್ ಹೇಗೆ ಬೇರೆ ಎಂಬುದು ತಿಳಿಯಬೇಕಾದರೆ ಮಾಮೂಲಿನದ್ದು ಹೇಗಿರುತ್ತದೆಂದು ಮೊದಲು ನೋಡಬೇಕು. 2022ರ ಅಂದಾಜಿನಂತೆ ಭಾರತದಲ್ಲಿ ವರ್ಷಕ್ಕೆ ಸುಮಾರು 1.27 ಲಕ್ಷ ಮಹಿಳೆಯರಿಗೆ ಗರ್ಭಕೊರಳಿನ ಕ್ಯಾನ್ಸರ್ ಹೊಸದಾಗಿ ಪತ್ತೆಯಾಗುತ್ತದೆ. ಸುಮಾರು 80 ಸಾವಿರ ಮಂದಿ ಅದರಿಂದ ಸಾಯುತ್ತಾರೆ. ಇವುಗಳಲ್ಲಿ ಹೆಚ್ಚಿನವು ಗರ್ಭಕೊರಳಿನ ಹೊರಮೈಯ ಚಪ್ಪಟೆ ಕೋಶಗಳಿಂದ ಹುಟ್ಟುವ ಸ್ಕ್ವಾಮಸ್ ಕಾರ್ಸಿನೋಮಾಗಳು. ಉಳಿದವುಗಳಲ್ಲಿ ದೊಡ್ಡ ಪಾಲು ಒಳಮೈಯ ಗ್ರಂಥಿಕೋಶಗಳಿಂದ ಹುಟ್ಟುವ ಅಡಿನೋಕಾರ್ಸಿನೋಮಾ. ಸ್ಕ್ವಾಮಸ್‌ನಲ್ಲಿ ಬಹುತೇಕ ಎಲ್ಲಕ್ಕೂ, ಅಡಿನೋದಲ್ಲಿ ಹೆಚ್ಚಿನವಕ್ಕೂ ಹ್ಯೂಮನ್ ಪ್ಯಾಪಿಲೋಮಾ ವೈರಸ್, ಅಂದರೆ ಎಚ್‌ಪಿವಿ, ಕಾರಣ. ಜರ್ಮನಿಯ ಹೆರಾಲ್ಡ್ ತ್ಸುರ್ ಹೌಸೆನ್ 1983–84ರಲ್ಲಿ ಈ ವೈರಸ್‌ನ 16 ಮತ್ತು 18ನೆಯ ಬಗೆಗಳನ್ನು ಗರ್ಭಕೊರಳಿನ ಗಡ್ಡೆಗಳಲ್ಲಿ ಗುರುತಿಸಿದರು. 2008ರಲ್ಲಿ ಅವರಿಗೆ ನೊಬೆಲ್ ಬಂತು. ಇಂದಿನ ಲಸಿಕೆ, ಎಚ್‌ಪಿವಿ ಪರೀಕ್ಷೆಗಳೆಲ್ಲ ಆ ಕೆಲಸದ ಫಲ.

ಗ್ರಂಥಿಕೋಶದ ಕ್ಯಾನ್ಸರ್‌ಗಳಲ್ಲಿ ಒಂದು ಪಾಲಿಗೆ ಮಾತ್ರ ಈ ವೈರಸ್‌ನ ಸಂಬಂಧವೇ ಇಲ್ಲ. 2020ರಲ್ಲಿ ಪ್ರಕಟವಾದ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣ ಗ್ರಂಥಿಕೋಶದ ಕ್ಯಾನ್ಸರ್‌ಗಳನ್ನು ಎರಡು ಗುಂಪಾಗಿ ಒಡೆಯಿತು: ಎಚ್‌ಪಿವಿ ಸಂಬಂಧಿತ, ಎಚ್‌ಪಿವಿ ಸಂಬಂಧವಿಲ್ಲದ. ಎರಡನೆಯ ಗುಂಪಿನಲ್ಲಿ ಜಠರದ ಲೋಳೆಪೊರೆಯನ್ನು ಹೋಲುವ ಗ್ಯಾಸ್ಟ್ರಿಕ್ ಬಗೆ, ಕ್ಲಿಯರ್ ಸೆಲ್ ಬಗೆ, ಮೀಸೋನೆಫ್ರಿಕ್ ಬಗೆ ಇತ್ಯಾದಿಗಳು ಸೇರಿವೆ.

‘ಮೀಸೋನೆಫ್ರಿಕ್’ ಎಂದರೆ ನಡುವಣ ಮೂತ್ರಪಿಂಡಕ್ಕೆ ಸೇರಿದ್ದು ಎಂದರ್ಥ. ಹೊಟ್ಟೆಯೊಳಗಿನ ಭ್ರೂಣಕ್ಕೆ ಮೊದಲ ಕೆಲವು ವಾರಗಳಲ್ಲಿ ಒಂದು ತಾತ್ಕಾಲಿಕ ಮೂತ್ರಪಿಂಡ ಇರುತ್ತದೆ. ಅದರಿಂದ ಹೊರಡುವ ನಾಳವನ್ನು ಹದಿನೆಂಟನೆಯ ಶತಮಾನದ ಜರ್ಮನ್ ವಿಜ್ಞಾನಿ ಕ್ಯಾಸ್ಪರ್ ಫ್ರೀಡ್ರಿಕ್ ವೋಲ್ಫ್ ಹೆಸರಿನಲ್ಲಿ ವೋಲ್ಫಿಯನ್ ನಾಳ ಎನ್ನುತ್ತಾರೆ. ಗಂಡು ಭ್ರೂಣದಲ್ಲಿ ಇದೇ ನಾಳ ಮುಂದೆ ವೀರ್ಯನಾಳವಾಗುತ್ತದೆ. ಹೆಣ್ಣು ಭ್ರೂಣದಲ್ಲಿ ಅದಕ್ಕೆ ಕೆಲಸವಿಲ್ಲ. ಟೆಸ್ಟೋಸ್ಟೆರಾನ್ ಬೆಂಬಲವಿಲ್ಲದೆ ಸೊರಗಿ ಮಾಯವಾಗುತ್ತದೆ. ಗರ್ಭಕೋಶ, ಗರ್ಭಕೊರಳುಗಳು ಬೆಳೆಯುವುದು ಪಕ್ಕದ ಇನ್ನೊಂದು ನಾಳದಿಂದ. ಆದರೆ ಮಾಯವಾಗುವ ನಾಳ ಪೂರ್ತಿ ಮಾಯವಾಗುವುದಿಲ್ಲ. ಮನೆ ಖಾಲಿ ಮಾಡಿದವರು ಅಟ್ಟದ ಮೇಲೆ ನಾಲ್ಕು ಪಾತ್ರೆ ಬಿಟ್ಟುಹೋದಂತೆ ಅಲ್ಲಲ್ಲಿ ಪುಟ್ಟ ಕೊಳವೆಗಳ ಗುಂಪು ಉಳಿದುಬಿಡುತ್ತದೆ. ಗರ್ಭಕೊರಳಿನ ಎಡ ಬಲ ಗೋಡೆಗಳ ಆಳ ಅಂಥ ಒಂದು ಜಾಗ. ಬೇರಾವುದೋ ಕಾರಣಕ್ಕೆ ತೆಗೆದ ಗರ್ಭಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವಾಗ ಈ ಅವಶೇಷಗಳು ಆಗಾಗ ಕಣ್ಣಿಗೆ ಬೀಳುತ್ತವೆ. ಅವುಗಳಿಂದ ಯಾರಿಗೂ ತೊಂದರೆಯಿಲ್ಲ. ಬಲು ಅಪರೂಪಕ್ಕೆ ಅವು ಕ್ಯಾನ್ಸರ್ ಆಗುತ್ತವೆ.

ಹುಟ್ಟುವ ಜಾಗವೇ ಮೊದಲ ತೊಡಕು. ಪ್ಯಾಪ್ ಪರೀಕ್ಷೆಯಲ್ಲಿ ಕೆರೆದು ತೆಗೆಯುವುದು ಮೇಲ್ಮೈಯ ಕೋಶಗಳನ್ನು. ಇದು ಇರುವುದು ಗೋಡೆಯ ಒಳಗೆ. ಅಸಿಟಿಕ್ ಆಮ್ಲ ಹಚ್ಚಿ ಬರಿಗಣ್ಣಿನಲ್ಲಿ ನೋಡುವ ಪರೀಕ್ಷೆಗೂ ಇದು ಕಾಣದು. ವೈರಸ್ ಇಲ್ಲವಾದ್ದರಿಂದ ಎಚ್‌ಪಿವಿ ಪರೀಕ್ಷೆಯಲ್ಲೂ ಸಿಕ್ಕಿಬೀಳದು. ಇದನ್ನು ಕೇಳಿ ಲಸಿಕೆಯಾಗಲಿ ತಪಾಸಣೆಯಾಗಲಿ ವ್ಯರ್ಥ ಎಂದುಕೊಂಡರೆ ದೊಡ್ಡ ತಪ್ಪಾದೀತು; ಗರ್ಭಕೊರಳಿನ ಕ್ಯಾನ್ಸರ್‌ಗಳಲ್ಲಿ ಬಹುಪಾಲನ್ನು ತಡೆಯುವುದು ಅವೇ. ಮೀಸೋನೆಫ್ರಿಕ್ ಬಗೆಯಲ್ಲಿ ಮಹಿಳೆ ವೈದ್ಯರ ಬಳಿ ಬರುವುದು ಸಾಮಾನ್ಯವಾಗಿ ರಕ್ತಸ್ರಾವ ಶುರುವಾದ ಮೇಲೆ, ಅದರಲ್ಲೂ ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡಾಗ. ಅಷ್ಟರಲ್ಲಿ ಗರ್ಭಕೊರಳು ಪೀಪಾಯಿಯಂತೆ ಊದಿರುವುದೂ ಉಂಟು.

ಇಂಥ ಗಡ್ಡೆಯನ್ನು ಗರ್ಭಕೋಶದ ಸಮೇತ ತೆಗೆದು, ಬೇಕಿದ್ದರೆ ವಿಕಿರಣ ಚಿಕಿತ್ಸೆಯನ್ನೂ ಕೊಟ್ಟ ಮೇಲೆ ವರ್ಷಗಳ ನಂತರ ಅದೇ ಕೋಶಗಳು ಶ್ವಾಸಕೋಶದಲ್ಲಿ ಹೇಗೆ ಬಂದವು? ವರ್ಷಗಳ ನಂತರ ಬಂದವು ಎಂಬ ಮಾತೇ ಪೂರ್ತಿ ಸರಿಯಲ್ಲ. ಶಸ್ತ್ರಚಿಕಿತ್ಸೆಗೆ ಮುಂಚೆಯೇ ಕೆಲವು ಕೋಶಗಳು ರಕ್ತದೊಳಗೆ ಸೇರಿ ಶ್ವಾಸಕೋಶದ ಸೂಕ್ಷ್ಮ ರಕ್ತನಾಳಗಳಲ್ಲಿ ಸಿಕ್ಕಿಹಾಕಿಕೊಂಡಿದ್ದವು. ದೇಹದ ಕೆಳಭಾಗದಿಂದ ಹೃದಯಕ್ಕೆ ಮರಳುವ ರಕ್ತವೆಲ್ಲ ಮುಂದೆ ಶ್ವಾಸಕೋಶದ ಜಾಲರಿಯ ಮೂಲಕವೇ ಹಾಯಬೇಕು. ಹಾಗಾಗಿ ಅದು ಸಹಜವಾದ ಸೋಸುಬಟ್ಟೆ. ಅಲ್ಲಿ ಸಿಕ್ಕಿದ ಕೋಶಗಳೆಲ್ಲ ಬದುಕುವುದಿಲ್ಲ. ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್ 1889ರಲ್ಲೇ ಸ್ತನ ಕ್ಯಾನ್ಸರ್‌ನಿಂದ ಸತ್ತ 735 ಮಂದಿಯ ಮರಣೋತ್ತರ ದಾಖಲೆಗಳನ್ನು ಜಾಲಾಡಿ, ಕ್ಯಾನ್ಸರ್ ಕೋಶ ಬೀಜವಾದರೆ ಅದು ಬೀಳುವ ಅಂಗ ಮಣ್ಣು, ಮಣ್ಣು ಒಗ್ಗದೆ ಬೀಜ ಮೊಳೆಯದು ಎಂಬ ನಿಲುವಿಗೆ ಬಂದಿದ್ದ. ಒಗ್ಗದ ಮಣ್ಣಿನಲ್ಲಿ ಬಿದ್ದ ಕೆಲವು ಕೋಶಗಳು ಸಾಯದೆ, ವಿಭಜನೆಯಾಗದೆ, ಸುಮ್ಮನೆ ಕುಳಿತಿರುತ್ತವೆ. ಇನ್ನು ಕೆಲವು ಪುಟ್ಟ ಗುಂಪುಗಳಾಗಿ ಬೆಳೆದರೂ ಹೊಸ ರಕ್ತನಾಳ ಸಿಗದೆ ಹುಟ್ಟಿದಷ್ಟೇ ಸಾಯುತ್ತ ಗಾತ್ರ ಹೆಚ್ಚದೆ ಉಳಿಯುತ್ತವೆ. ಸುಪ್ತಾವಸ್ಥೆ ಎನ್ನುವುದು ಇದನ್ನೇ. ಅವು ಎಚ್ಚರಗೊಳ್ಳಲು ಕಾರಣ ವಯಸ್ಸೋ, ರೋಗನಿರೋಧಕ ಶಕ್ತಿಯ ಕುಸಿತವೋ, ಕೋಶದೊಳಗಿನ ಹೊಸದೊಂದು ಜೀನ್ ಬದಲಾವಣೆಯೋ, ಒಬ್ಬೊಬ್ಬರಲ್ಲಿ ಒಂದೊಂದು ಇರಬಹುದು. ನಿಧಾನವಾಗಿ ಬೆಳೆಯುವ ಗಡ್ಡೆಯಾದರೆ ಎಚ್ಚರದ ಕಾರಣವೂ ಬೇಕಾಗಿಲ್ಲ. ಒಂದು ಕೋಶ ಸೆಂಟಿಮೀಟರ್ ಗಾತ್ರದ ಗಂಟಾಗಲು ಸುಮಾರು 30 ಬಾರಿ ಇಮ್ಮಡಿಯಾಗಬೇಕು, ಒಂದೊಂದು ಇಮ್ಮಡಿಗೆ ಮೂರು ನಾಲ್ಕು ತಿಂಗಳು ಹಿಡಿದರೂ ಎಂಟು ಹತ್ತು ವರ್ಷ ಕಳೆದುಹೋಗುತ್ತದೆ.

ಗಂಟು ಕಾಣಿಸಿಕೊಂಡ ಮೇಲೆ

ಶ್ವಾಸಕೋಶಕ್ಕೆ ನೋವಿನ ನರಗಳಿಲ್ಲ. ಅಂಚಿನ ಪೊರೆಯನ್ನು ಮುಟ್ಟುವವರೆಗೆ ಗಂಟು ನೋಯುವುದಿಲ್ಲ, ಶ್ವಾಸನಾಳಕ್ಕೆ ತಾಗುವವರೆಗೆ ಕೆಮ್ಮು ಬರುವುದಿಲ್ಲ. ಹೀಗಾಗಿ ತಡವಾದ ಮೆಟಾಸ್ಟಾಸಿಸ್, ಅಂದರೆ ದೂರದ ಅಂಗಕ್ಕೆ ಹರಡಿದ ಕ್ಯಾನ್ಸರ್, ಎಷ್ಟೋ ಸಲ ಸಿಗುವುದು ಬೇರೆ ಕೆಲಸಕ್ಕೆಂದು ತೆಗೆಸಿದ ಎಕ್ಸ್‌ರೇಯಲ್ಲಿ: ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಮುಂಚಿನ ತಪಾಸಣೆ, ವಿಮೆಯ ತಪಾಸಣೆ, ಬಿಡದ ನೆಗಡಿ ಕೆಮ್ಮು. ಉಳಿದವರಲ್ಲಿ ಒಣಕೆಮ್ಮು, ಕಫದಲ್ಲಿ ರಕ್ತ, ಏದುಸಿರು, ತೂಕ ಇಳಿಯುವುದು ಕಾಣುತ್ತದೆ.

ಇಲ್ಲಿ ಒಂದು ಮಾತು ದಾರಿ ತಪ್ಪಿಸುತ್ತದೆ. ಎದೆರೋಗದ ವೈದ್ಯರು ‘ಹಿಂದೆ ಆಪರೇಶನ್ ಏನಾದರೂ ಆಗಿತ್ತೇ’ ಎಂದು ಕೇಳಿದಾಗ ‘ಗರ್ಭಕೋಶ ತೆಗೆಸಿದೆ, ಹತ್ತು ವರ್ಷ ಆಯ್ತು’ ಎಂಬ ಉತ್ತರ ಬರುತ್ತದೆ. ಅದರಲ್ಲಿ ಸುಳ್ಳಿಲ್ಲ. ಆದರೆ ನಮ್ಮಲ್ಲಿ ಗರ್ಭಕೋಶ ತೆಗೆಸಿದವರು ಲೆಕ್ಕವಿಲ್ಲದಷ್ಟು. ಗಡ್ಡೆ, ಅತಿಯಾದ ಮುಟ್ಟು, ಗರ್ಭಕೋಶ ಜಾರುವಿಕೆ, ಹೀಗೆ ಕಾರಣ ನೂರು. ಏಕೆ ತೆಗೆದರು, ಬಯಾಪ್ಸಿಯಲ್ಲಿ ಏನು ಬಂದಿತ್ತು ಎಂಬುದು ಮಾತಿನಲ್ಲಿ ಬಿಟ್ಟುಹೋದರೆ ಮುಂದಿನ ಪರೀಕ್ಷೆಗಳೆಲ್ಲ ತಪ್ಪು ಪ್ರಶ್ನೆಯಿಂದ ಶುರುವಾಗುತ್ತವೆ. ಮನೆಯವರು ಕ್ಯಾನ್ಸರ್ ಎಂಬ ಪದವನ್ನು ರೋಗಿಯಿಂದಲೇ ಮುಚ್ಚಿಟ್ಟಿರುವುದೂ ಅಪರೂಪವಲ್ಲ. ಆಗ ಆಕೆ ಹೇಳಲು ಬಯಸಿದರೂ ಹೇಳಲಾರಳು.

ಎಕ್ಸ್‌ರೇ ಸೂಚನೆ ಕೊಡಬಲ್ಲದಷ್ಟೇ. ಒಂದು ಸೆಂಟಿಮೀಟರಿಗಿಂತ ಚಿಕ್ಕ ಗಂಟು ಪಕ್ಕೆಲುಬಿನ ನೆರಳಿನಲ್ಲೋ ಹೃದಯದ ಹಿಂದೆಯೋ ಮರೆಯಾಗುತ್ತದೆ. ಸಿಟಿ ಸ್ಕ್ಯಾನ್ ಕೆಲವೇ ಮಿಲಿಮೀಟರ್ ಗಾತ್ರದ್ದನ್ನೂ ತೋರಿಸುತ್ತದೆ. ರಕ್ತದ ಮೂಲಕ ಬಂದ ಮೆಟಾಸ್ಟಾಸಿಸ್ ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು, ನುಣುಪು ಅಂಚಿನ ಗುಂಡಗಿನ ಗಂಟುಗಳು. ರಕ್ತ ಹೆಚ್ಚು ಹರಿಯುವ ಕೆಳಹಾಲೆಗಳಲ್ಲಿ, ಹೊರಅಂಚಿನ ಕಡೆಗೆ ಹೆಚ್ಚು. ಶ್ವಾಸಕೋಶದಲ್ಲೇ ಹುಟ್ಟಿದ ಕ್ಯಾನ್ಸರ್ ಸಾಮಾನ್ಯವಾಗಿ ಒಂಟಿ, ಮುಳ್ಳುಮುಳ್ಳು ಅಂಚು, ಮೇಲಿನ ಹಾಲೆ. ಸಾಮಾನ್ಯವಾಗಿ ಎಂಬ ಪದವನ್ನು ಎರಡು ಸಲ ಬಳಸಬೇಕಾಯಿತು, ಏಕೆಂದರೆ ಒಂದೇ ಒಂದು ಗಂಟಾಗಿ ಬರುವ ಮೆಟಾಸ್ಟಾಸಿಸ್ ಇದೆ, ನುಣುಪು ಅಂಚಿನ ಶ್ವಾಸಕೋಶ ಕ್ಯಾನ್ಸರೂ ಇದೆ.

ಭಾರತದಲ್ಲಿ ಮೂರನೆಯ ಸಾಧ್ಯತೆಯೊಂದು ಯಾವಾಗಲೂ ಬಾಗಿಲಲ್ಲೇ ನಿಂತಿರುತ್ತದೆ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗ ಇಲ್ಲಿದ್ದಾರೆ. ಕೆಮ್ಮು, ತೂಕ ಇಳಿಕೆ, ಎಕ್ಸ್‌ರೇಯಲ್ಲಿ ಕಲೆ ಎಂದರೆ ಮೊದಲು ನೆನಪಾಗುವುದು ಟಿಬಿ; ಹಾಗೆ ನೆನಪಾಗುವುದು ನ್ಯಾಯವೂ ಹೌದು. ತೊಂದರೆ ಬರುವುದು ಕಫದಲ್ಲಿ ರೋಗಾಣು ಸಿಗದಿದ್ದರೂ ಟಿಬಿ ಮಾತ್ರೆ ಶುರುಮಾಡಿ ಆರು ತಿಂಗಳು ಕಾದುನೋಡಿದಾಗ. ಗರ್ಭಕೊರಳಿನ ಕ್ಯಾನ್ಸರ್ ಇತಿಹಾಸವಿರುವವರಲ್ಲಿ ಸಾಕ್ಷ್ಯವಿಲ್ಲದೆ ಹಾಗೆ ಕಾಯುವುದು ಒಪ್ಪತಕ್ಕ ಮಾತಲ್ಲ. ಇದರ ತಿರುವುಮುರುವೂ ಇದೆ: ಕ್ಯಾನ್ಸರ್ ಇತಿಹಾಸ ಇದೆಯೆಂದ ಮಾತ್ರಕ್ಕೆ ಹೊಸ ಗಂಟುಗಳನ್ನೆಲ್ಲ ಮೆಟಾಸ್ಟಾಸಿಸ್ ಎಂದು ತೀರ್ಮಾನಿಸಿ ಕಿಮೋ ಶುರುಮಾಡಿ, ಬಯಾಪ್ಸಿಯಲ್ಲಿ ಕೊನೆಗೆ ಟಿಬಿ ಬರುವುದು.

ಪೆಟ್–ಸಿಟಿ ಈ ಗೊಂದಲವನ್ನು ಬಿಡಿಸುತ್ತದೆಂಬ ನಂಬಿಕೆ ಬಲವಾಗಿದೆ, ಅಷ್ಟು ಬಲ ಅದಕ್ಕಿಲ್ಲ. ವಿಕಿರಣಶೀಲ ಸಕ್ಕರೆಯಂಥ ದ್ರವ್ಯವನ್ನು ರಕ್ತಕ್ಕೆ ಕೊಟ್ಟು, ಅದನ್ನು ಹೆಚ್ಚು ನುಂಗುವ ಜಾಗಗಳನ್ನು ಹುಡುಕುವ ವಿಧಾನ ಇದು. ಕ್ಯಾನ್ಸರ್ ಕೋಶ ಸಕ್ಕರೆ ನುಂಗುತ್ತದೆ. ಟಿಬಿಯ ಸುತ್ತ ಮುತ್ತಿಗೆ ಹಾಕಿದ ಬಿಳಿರಕ್ತಕಣಗಳೂ ನುಂಗುತ್ತವೆ. ಎರಡೂ ಪರದೆಯ ಮೇಲೆ ಒಂದೇ ರೀತಿ ಬೆಳಗುತ್ತವೆ. ಎಂಟು ಮಿಲಿಮೀಟರಿಗಿಂತ ಚಿಕ್ಕ ಗಂಟುಗಳು ಬೆಳಗದೆಯೂ ಇರಬಹುದು. ಪೆಟ್‌ನ ನಿಜವಾದ ಉಪಯೋಗ ಬೇರೆ: ದೇಹದಲ್ಲಿ ಇನ್ನೆಲ್ಲೆಲ್ಲಿ ಗಂಟುಗಳಿವೆ, ಮೂಳೆ, ಯಕೃತ್ತು, ಕಿಬ್ಬೊಟ್ಟೆಯ ದುಗ್ಧಗ್ರಂಥಿಗಳ ಸ್ಥಿತಿ ಏನು, ಸೂಜಿ ಹಾಕಲು ಯಾವ ಜಾಗ ಸಲೀಸು ಎಂಬುದನ್ನು ಅದು ತೋರಿಸುತ್ತದೆ. ಹಳೆಯ ಜಾಗದಲ್ಲೇ ಮರುಕಳಿಸಿದೆಯೇ ಎಂದು ನೋಡಲು ಕಿಬ್ಬೊಟ್ಟೆಯ ಎಂಆರ್‌ಐ ಉತ್ತಮ. ರಕ್ತಪರೀಕ್ಷೆಯಿಂದ ಇಲ್ಲಿ ಹೆಚ್ಚಿನ ಸಹಾಯವಿಲ್ಲ. ಸ್ಕ್ವಾಮಸ್ ಬಗೆಗೆ ಎಸ್‌ಸಿಸಿ ಆಂಟಿಜೆನ್ ಎಂಬ ಸೂಚಕವಿದೆ, ಮೀಸೋನೆಫ್ರಿಕ್‌ಗೆ ನಂಬಬಹುದಾದ ಅಂಥದ್ದೊಂದಿಲ್ಲ.

ಹಾಗಾಗಿ ತುಣುಕು ಬೇಕು. ಗಂಟು ಎದೆಗೋಡೆಗೆ ಹತ್ತಿರವಿದ್ದರೆ ಸಿಟಿಯಲ್ಲಿ ನೋಡುತ್ತಲೇ ದಪ್ಪ ಸೂಜಿ ಚುಚ್ಚಿ ಎಳೆಯಂಥ ಅಂಗಾಂಶ ತೆಗೆಯುತ್ತಾರೆ. ಶ್ವಾಸಕೋಶದಿಂದ ಗಾಳಿ ಸೋರಿ ಎದೆಗೂಡಿನಲ್ಲಿ ತುಂಬಿಕೊಳ್ಳುವ ಅಪಾಯ ಇದರಲ್ಲಿದೆ. ಹೆಚ್ಚಿನವರಲ್ಲಿ ಅದು ತಾನಾಗಿ ಸರಿಹೋಗುತ್ತದೆ, ಕೆಲವರಿಗೆ ನಳಿಕೆ ಹಾಕಬೇಕಾಗುತ್ತದೆ. ಎದೆಯ ನಡುಭಾಗದ ದುಗ್ಧಗ್ರಂಥಿಯಾದರೆ ಶ್ವಾಸನಾಳದೊಳಗಿಂದಲೇ ಅಲ್ಟ್ರಾಸೌಂಡ್ ಹಿಡಿದು ಚುಚ್ಚುತ್ತಾರೆ. ತೆಳು ಸೂಜಿಯಿಂದ ಬಿಡಿಬಿಡಿ ಕೋಶ ಹೀರುವ ಎಫ್‌ಎನ್‌ಎಸಿ ‘ಕ್ಯಾನ್ಸರ್ ಹೌದು’ ಎನ್ನಬಲ್ಲದು. ‘ಯಾವ ಊರಿನ ಕ್ಯಾನ್ಸರ್’ ಎಂದು ಹೇಳಲು ಬೇಕಾದಷ್ಟು ಸರಕು ಅದರಲ್ಲಿ ಸಿಗುವುದು ಕಷ್ಟ. ಇನ್ನೊಂದು ಸಣ್ಣ ವಿವರ ದೊಡ್ಡ ಫಲ ಕೊಡುತ್ತದೆ. ತೆಗೆದ ಅಂಗಾಂಶವನ್ನೆಲ್ಲ ಫಾರ್ಮಲಿನ್ ಬಾಟಲಿಗೆ ಹಾಕಿಬಿಟ್ಟರೆ ಟಿಬಿ ರೋಗಾಣುವನ್ನು ಬೆಳೆಸಿ ನೋಡುವ ದಾರಿ ಮುಚ್ಚಿತು, ಏಕೆಂದರೆ ಫಾರ್ಮಲಿನ್ ಅದನ್ನೂ ಕೊಲ್ಲುತ್ತದೆ. ಒಂದು ತುಣುಕನ್ನು ಬರೀ ಸಲೈನ್‌ನಲ್ಲಿ ಬೇರೆಯಾಗಿ ಕಳಿಸಬೇಕು. ಮತ್ತೆ ಸೂಜಿ ಚುಚ್ಚಿಸಿಕೊಳ್ಳುವುದನ್ನು ಈ ಎಚ್ಚರ ತಪ್ಪಿಸುತ್ತದೆ.

ಸೂಕ್ಷ್ಮದರ್ಶಕದ ಕೆಳಗೆ

ಫಾರ್ಮಲಿನ್‌ನಲ್ಲಿ ಗಟ್ಟಿಯಾದ ತುಣುಕನ್ನು ಪ್ಯಾರಫಿನ್ ಮೇಣದಲ್ಲಿ ಹುದುಗಿಸಿ ಅಚ್ಚು ಮಾಡುತ್ತಾರೆ. ಪ್ರಯೋಗಾಲಯದ ಮಾತಿನಲ್ಲಿ ಅದು ‘ಬ್ಲಾಕ್’. ಅದರಿಂದ ಮೂರರಿಂದ ಐದು ಮೈಕ್ರಾನ್ ದಪ್ಪದ ಪದರಗಳನ್ನು ಕೊಯ್ದು, ಗಾಜಿನ ಮೇಲೆ ಹರಡಿ, ಬಣ್ಣ ಹಾಕುತ್ತಾರೆ. ಮೀಸೋನೆಫ್ರಿಕ್ ಕ್ಯಾನ್ಸರ್‌ನ ಚೆಹರೆ ಒಂದಲ್ಲ. ಒಂದೇ ಗಡ್ಡೆಯಲ್ಲಿ ಒಂದೆಡೆ ಪುಟ್ಟ ದುಂಡು ಕೊಳವೆಗಳು, ಇನ್ನೊಂದೆಡೆ ಸೀಳಿದಂಥ ಬಿರುಕುಗಳು, ಮತ್ತೊಂದೆಡೆ ಕೊಳವೆಯೇ ಇಲ್ಲದ ಗಟ್ಟಿ ಹಾಸುಗಳು ಇರುತ್ತವೆ. ಒಳ್ಳೆಯ ಸುಳಿವೆಂದರೆ ಕೊಳವೆಗಳೊಳಗೆ ತುಂಬಿಕೊಂಡ ದಟ್ಟ ಗುಲಾಬಿ ದ್ರವ. ಇದನ್ನು ನೋಡಿದವರಿಗೆ ಥೈರಾಯ್ಡ್ ನೆನಪಾಗುತ್ತದೆ. ಆ ಗ್ರಂಥಿಯ ಕೋಶಗಳೂ ಇಂಥದೇ ಗುಲಾಬಿ ಕೊಲಾಯ್ಡ್ ಸುತ್ತ ಸಾಲಾಗಿ ಕುಳಿತಿರುತ್ತವೆ. ಸೂಜಿಯಲ್ಲಿ ಬಂದ ಅಕ್ಕಿಕಾಳಿನಷ್ಟು ತುಣುಕಿನಲ್ಲಿ ಈ ನಾನಾ ರೂಪಗಳಲ್ಲಿ ಯಾವುದೋ ಒಂದು ಮಾತ್ರ ಇದ್ದೀತು.

ಮುಂದಿನ ಹೆಜ್ಜೆ ಇಮ್ಯುನೊಹಿಸ್ಟೊಕೆಮಿಸ್ಟ್ರಿ, ಆಸ್ಪತ್ರೆಯ ರೂಢಿಯಲ್ಲಿ ಐಎಚ್‌ಸಿ. ಒಂದೊಂದು ಅಂಗದ ಕೋಶ ತನ್ನದೇ ಕೆಲವು ಪ್ರೋಟೀನುಗಳನ್ನು ತಯಾರಿಸುತ್ತದೆ. ಆ ಪ್ರೋಟೀನಿಗೆ ಮಾತ್ರ ಅಂಟುವ ಪ್ರತಿಕಾಯವನ್ನು ಸ್ಲೈಡಿನ ಮೇಲೆ ಹರಿಸಿದರೆ, ಅಂಟಿದಲ್ಲಿ ಕಂದು ಬಣ್ಣ ಮೂಡುತ್ತದೆ. ದೂರದೂರಿಗೆ ವಲಸೆ ಹೋದವರನ್ನು ಆಡುವ ಮಾತಿನಿಂದ ಗುರುತಿಸಿದಂತೆ, ಬೇರೆ ಅಂಗಕ್ಕೆ ಹೋದ ಕೋಶವನ್ನೂ ಅದರ ಪ್ರೋಟೀನಿನಿಂದ ಗುರುತಿಸಬಹುದು. ಶ್ವಾಸಕೋಶದ ಗಂಟಿನಲ್ಲಿ ಮೊದಲು ಹಾಕುವ ಬಣ್ಣ ಟಿಟಿಎಫ್-1. ಶ್ವಾಸಕೋಶದ ಅಡಿನೋಕಾರ್ಸಿನೋಮಾಗಳಲ್ಲಿ ಸುಮಾರು ಮುಕ್ಕಾಲು ಪಾಲು ಇದಕ್ಕೆ ಪಾಸಿಟಿವ್. ಹಾಗಾಗಿ ಶ್ವಾಸಕೋಶದ ಗಂಟಿನಲ್ಲಿ ಅಡಿನೋಕಾರ್ಸಿನೋಮಾ, ಟಿಟಿಎಫ್-1 ಪಾಸಿಟಿವ್ ಎಂದ ಕೂಡಲೇ ವರದಿ ಅಲ್ಲಿಗೇ ಮುಗಿದುಬಿಡುತ್ತದೆ: ಶ್ವಾಸಕೋಶದ ಕ್ಯಾನ್ಸರ್. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಸಲ ಅದು ಸರಿಯಾಗಿಯೇ ಇರುತ್ತದೆಂಬುದೇ ಇಲ್ಲಿನ ಬಲೆ. ಏಕೆಂದರೆ ಮೀಸೋನೆಫ್ರಿಕ್ ಕ್ಯಾನ್ಸರ್‌ಗಳಲ್ಲೂ ಕೆಲವು ಟಿಟಿಎಫ್-1 ಪಾಸಿಟಿವ್. ಥೈರಾಯ್ಡ್ ಕ್ಯಾನ್ಸರ್ ಕೂಡ ಪಾಸಿಟಿವ್.

ಇಲ್ಲಿಂದ ಒಂದೊಂದಾಗಿ ಎಳೆ ಬಿಡಿಸಬೇಕು. ಪ್ಯಾಕ್ಸ್-8 ಎಂಬ ಪ್ರೋಟೀನು ಮೂತ್ರಪಿಂಡ, ಥೈರಾಯ್ಡ್, ಹೆಣ್ಣಿನ ಜನನಾಂಗಗಳ ಕೋಶಗಳಲ್ಲಿರುತ್ತದೆ. ಶ್ವಾಸಕೋಶದ್ದರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಹಾಗಾಗಿ ಟಿಟಿಎಫ್-1 ಜೊತೆ ಪ್ಯಾಕ್ಸ್-8 ಕೂಡ ಬಣ್ಣ ತಳೆದರೆ ಶ್ವಾಸಕೋಶದ ಮೇಲಿನ ಶಂಕೆ ಇಳಿದು ಥೈರಾಯ್ಡ್ ಮತ್ತು ಜನನಾಂಗದ ಮೇಲೆ ಏರುತ್ತದೆ. ಥೈರೋಗ್ಲಾಬ್ಯುಲಿನ್ ನೆಗೆಟಿವ್ ಬಂದರೆ ಥೈರಾಯ್ಡ್ ಕಣದಿಂದ ಬಹುಮಟ್ಟಿಗೆ ಹೊರಗೆ. ನ್ಯಾಪ್ಸಿನ್-ಎ ಎಂಬುದು ಶ್ವಾಸಕೋಶದ ಅಡಿನೋಕಾರ್ಸಿನೋಮಾಗಳ ಇನ್ನೊಂದು ಗುರುತು. ಅದು ಇಲ್ಲದಿರುವುದೂ ಒಂದು ಸುಳಿವು. ಆಮೇಲೆ ಗಾಟಾ-3. ವೋಲ್ಫಿಯನ್ ನಾಳದ ಕೋಶಗಳ ಬಹಳ ಉಪಯುಕ್ತ ಗುರುತು ಇದು. ಆದರೆ ಸ್ತನ ಮತ್ತು ಮೂತ್ರಕೋಶದ ಕ್ಯಾನ್ಸರ್‌ಗಳಲ್ಲೂ ಇರುವುದರಿಂದ ಇದೊಂದನ್ನೇ ಹಾಕಿದ ಪೆಥಾಲಜಿಸ್ಟ್ ಸ್ತನದ ಕಡೆ ತಿರುಗಿಬಿಡುವ ಸಾಧ್ಯತೆಯಿದೆ. ಮೀಸೋನೆಫ್ರಿಕ್ ಗಡ್ಡೆಗಳಲ್ಲಿ ಟಿಟಿಎಫ್-1 ಮತ್ತು ಗಾಟಾ-3 ಎರಡರ ನಡುವೆ ಸವತಿಯರ ಸಂಬಂಧ. ಒಂದು ಬಣ್ಣ ಕಟ್ಟಿದ ಭಾಗದಲ್ಲಿ ಇನ್ನೊಂದು ಮಂಕಾಗಿರುವುದು ಹೆಚ್ಚು. ಸಿಡಿ10 ಕೊಳವೆಗಳ ಒಳಅಂಚಿನಲ್ಲಿ ಗೆರೆ ಎಳೆದಂತೆ ಕಾಣಿಸಬಹುದು, ಕ್ಯಾಲ್‌ರೆಟಿನಿನ್ ಇರಬಹುದು. ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟರಾನ್ ಗ್ರಾಹಕಗಳು ಸಾಮಾನ್ಯವಾಗಿ ಇರುವುದಿಲ್ಲ. ಎಚ್‌ಪಿವಿ ಸಂಬಂಧಿತ ಬಗೆಗಳಲ್ಲಿ ಗಾಢವಾಗಿ ಮೂಡುವ ಪಿ16 ಇಲ್ಲಿ ಚುಕ್ಕೆಚುಕ್ಕೆಯಾಗಿಯೋ ಇಲ್ಲದೆಯೋ ಇರುತ್ತದೆ.

ಒಂದು ಬಣ್ಣದಿಂದ ತೀರ್ಪು ಕೊಡಲಾಗದು, ಇಡೀ ಸಾಲನ್ನು ಒಟ್ಟಿಗೆ ಓದಬೇಕು. ಆದರೆ ಇಡೀ ಸಾಲನ್ನು ಹಾಕಬೇಕೆಂದು ಪೆಥಾಲಜಿಸ್ಟ್‌ಗೆ ಹೊಳೆಯಬೇಕಾದರೆ ಗರ್ಭಕೊರಳಿನ ಹಳೆಯ ಕತೆ ಅವರ ಕೈಗೆ ಬಂದ ಕೋರಿಕೆ ಚೀಟಿಯಲ್ಲಿ ಬರೆದಿರಬೇಕು. ‘ಶ್ವಾಸಕೋಶದ ಗಂಟು, 58 ವರ್ಷ’ ಎಂದಷ್ಟೇ ಬರೆದ ಚೀಟಿ ಬಂದರೆ ಟಿಟಿಎಫ್-1 ನೋಡಿ ನಿಲ್ಲಿಸುವುದನ್ನು ತಪ್ಪೆನ್ನಲಾಗದು. ತುಣುಕು ಚಿಕ್ಕದು, ಮುಂದಿನ ಜೀನ್ ಪರೀಕ್ಷೆಗೂ ಅದರಲ್ಲೇ ಸ್ವಲ್ಪ ಉಳಿಸಬೇಕು.

ಜೀನ್ ಪರೀಕ್ಷೆ ಸತ್ಯವನ್ನು ಬಿಚ್ಚಿಡುತ್ತದೆಂದು ತೋರಬಹುದು. ಇಲ್ಲೊಂದು ಎರಡನೆಯ ಬಲೆ ಇದೆ. ಮೀಸೋನೆಫ್ರಿಕ್ ಕ್ಯಾನ್ಸರ್‌ಗಳನ್ನು ಬಿಡಿಸಿ ನೋಡಿದ 2015ರ ಅಧ್ಯಯನವೊಂದರಲ್ಲಿ ಸುಮಾರು ಐದರಲ್ಲಿ ನಾಲ್ಕಕ್ಕೆ ಕೆ-ರಾಸ್ ಅಥವಾ ಅದರ ಸೋದರ ಎನ್-ರಾಸ್ ಜೀನಿನಲ್ಲಿ ಬದಲಾವಣೆ ಇತ್ತು. ಶ್ವಾಸಕೋಶದ ಅಡಿನೋಕಾರ್ಸಿನೋಮಾಗಳಲ್ಲೂ ಕೆ-ರಾಸ್ ಬದಲಾವಣೆ ಸಾಮಾನ್ಯ. ಅಂದರೆ ಟಿಟಿಎಫ್-1 ಪಾಸಿಟಿವ್, ಕೆ-ರಾಸ್ ಪಾಸಿಟಿವ್ ಎಂಬ ಜೋಡಿ ವರದಿ ಶ್ವಾಸಕೋಶದ ಕ್ಯಾನ್ಸರ್‌ಗೆ ಹೇಳಿ ಮಾಡಿಸಿದಂತೆ ಕಾಣುತ್ತದೆ, ಗಡ್ಡೆ ಮಾತ್ರ ಗರ್ಭಕೊರಳಿನದ್ದು. ಒಳಗಿನ ವಿವರದಲ್ಲಿ ವ್ಯತ್ಯಾಸ ಸಿಗುತ್ತದೆ. ಕೆ-ರಾಸ್ ಪ್ರೋಟೀನಿನ 12ನೆಯ ಸ್ಥಾನದ ಗ್ಲೈಸಿನ್ ಹೋಗಿ ಸಿಸ್ಟೀನ್ ಬಂದಿದ್ದರೆ ಧೂಮಪಾನದ ಶ್ವಾಸಕೋಶ ಕ್ಯಾನ್ಸರ್ ನೆನಪಾಗಬೇಕು. ಮೀಸೋನೆಫ್ರಿಕ್‌ನಲ್ಲಿ ಅಲ್ಲಿ ಹೆಚ್ಚಾಗಿ ಇರುವುದು ಆಸ್ಪಾರ್ಟೇಟ್ ಅಥವಾ ವ್ಯಾಲೀನ್. 1ನೆಯ ವರ್ಣತಂತುವಿನ ಉದ್ದ ತೋಳಿನ ಹೆಚ್ಚುವರಿ ಪ್ರತಿಯೂ ಮೀಸೋನೆಫ್ರಿಕ್‌ನಲ್ಲಿ ಮತ್ತೆ ಮತ್ತೆ ಕಂಡುಬಂದಿದೆ. ಇದಕ್ಕೆ ಬದಲಾಗಿ ಇಜಿಎಫ್‌ಆರ್ ಬದಲಾವಣೆ ಸಿಕ್ಕಿದರೆ, ಅದರಲ್ಲೂ ಬೀಡಿ ಸಿಗರೇಟು ಮುಟ್ಟದ ಏಷ್ಯಾದ ಮಹಿಳೆಯಲ್ಲಿ, ಅದು ಶ್ವಾಸಕೋಶದಲ್ಲೇ ಹುಟ್ಟಿದ ಹೊಸ ಕ್ಯಾನ್ಸರ್ ಎನ್ನಲು ಗಟ್ಟಿ ಆಧಾರ. ಹಳೆಯ ಕ್ಯಾನ್ಸರ್ ಇದ್ದವರಿಗೆ ಹೊಸದೊಂದು ಬರಬಾರದೆಂಬ ನಿಯಮವೇನೂ ಇಲ್ಲ.

ಕಪಾಟಿನಲ್ಲಿರುವ ಹಳೆಯ ಬ್ಲಾಕ್

ಇಷ್ಟೆಲ್ಲ ಸುಳಿವುಗಳಿಗಿಂತ ಬಲವಾದ ಸಾಕ್ಷ್ಯ ಹೋಲಿಕೆ. ಹತ್ತು ವರ್ಷದ ಹಿಂದೆ ತೆಗೆದ ಗರ್ಭಕೊರಳಿನ ಸ್ಲೈಡನ್ನು ಒಂದು ಸೂಕ್ಷ್ಮದರ್ಶಕದಲ್ಲಿ, ಇಂದಿನ ಶ್ವಾಸಕೋಶದ ಸ್ಲೈಡನ್ನು ಪಕ್ಕದ್ದರಲ್ಲಿ ಇಟ್ಟು ನೋಡಿದಾಗ ಎಷ್ಟೋ ಪ್ರಶ್ನೆಗಳು ಅಲ್ಲೇ ಬಗೆಹರಿಯುತ್ತವೆ. ಹಳೆಯದರ ವರದಿಯಲ್ಲಿ ಬರೀ ‘ಅಡಿನೋಕಾರ್ಸಿನೋಮಾ’ ಎಂದಷ್ಟೇ ಇದ್ದು, ಮರುಪರಿಶೀಲನೆಯಲ್ಲಿ ಅದು ಮೀಸೋನೆಫ್ರಿಕ್ ಎಂದು ಮೊದಲ ಸಲ ಗೊತ್ತಾಗುವುದೂ ಇದೆ. ಗಾಟಾ-3 ಈ ಕೆಲಸಕ್ಕೆ ಬಳಕೆಗೆ ಬಂದದ್ದೇ ಇತ್ತೀಚೆಗೆ. ಎರಡೂ ಬ್ಲಾಕ್‌ಗಳಿಂದ ಡಿಎನ್‌ಎ ತೆಗೆದು ಒಂದೇ ಪರೀಕ್ಷೆಗೆ ಒಡ್ಡಿ, ಕೆ-ರಾಸ್‌ನ ಜೊತೆ ಇತರ ಬದಲಾವಣೆಗಳೂ ಅಕ್ಷರಶಃ ಹೊಂದಿದರೆ ಒಂದೇ ಸಂತತಿಯ ಕೋಶಗಳೆಂದು ಹೇಳಬಹುದು. ಹಳೆಯ ಬ್ಲಾಕ್‌ನ ಡಿಎನ್‌ಎ ವರ್ಷ ಕಳೆದಂತೆ ತುಂಡುತುಂಡಾಗುತ್ತದೆ, ಪರೀಕ್ಷೆ ಕೆಲವೊಮ್ಮೆ ಕೈಕೊಡುತ್ತದೆ. ಪ್ರೋಟೀನಿನ ಬಣ್ಣಗಳು ಹೆಚ್ಚು ಕಾಲ ತಾಳುತ್ತವೆ. ಮೂಳೆಗೆ ಹರಡಿದ ಗಂಟಾದರೆ ಬೇರೆ ಕಷ್ಟ. ಮೂಳೆಯನ್ನು ಮೆದುಗೊಳಿಸಲು ಬಳಸುವ ಆಮ್ಲ ಡಿಎನ್‌ಎಯನ್ನೂ ಹಾಳುಮಾಡುತ್ತದೆ.

ಎಚ್‌ಪಿವಿ ಸಂಬಂಧಿತ ಮಾಮೂಲು ಬಗೆಗಳಲ್ಲಿ ಕೆಲಸ ಹೆಚ್ಚು ಸಲೀಸು. ವೈರಸ್ ತಾನೇ ಗುರುತಿನ ಚೀಟಿ. ಶ್ವಾಸಕೋಶದ ಗಂಟಿನ ಕೋಶಗಳೊಳಗೆ ಹೆಚ್ಚು ಅಪಾಯದ ಎಚ್‌ಪಿವಿಯ ಆರ್‌ಎನ್‌ಎ ಸಿಕ್ಕಿದರೆ ಮೂಲ ಗರ್ಭಕೊರಳೋ ಗಂಟಲೋ ಗುದದ್ವಾರವೋ ಆಗಿರಬೇಕು. ಪಿ16 ಒಂದನ್ನೇ ನಂಬಿದರೆ ಇಲ್ಲೂ ಎಡವಬಹುದು. ವೈರಸ್ ಇಲ್ಲದ ಶ್ವಾಸಕೋಶದ ಸ್ಕ್ವಾಮಸ್ ಕ್ಯಾನ್ಸರ್‌ಗಳಲ್ಲೂ ಪಿ16 ಬಣ್ಣ ತಳೆಯುವುದುಂಟು. ಮೀಸೋನೆಫ್ರಿಕ್‌ಗೆ ವೈರಸ್‌ನ ಈ ಅನುಕೂಲವಿಲ್ಲದ್ದರಿಂದಲೇ ಹಳೆಯ ಬ್ಲಾಕ್‌ನ ಬೆಲೆ ಹೆಚ್ಚು.

ಆ ಬ್ಲಾಕ್ ಎಲ್ಲಿರುತ್ತದೆ? ಅಮೆರಿಕದ ಪೆಥಾಲಜಿಸ್ಟ್‌ಗಳ ಸಂಘ ಬ್ಲಾಕ್‌ಗಳನ್ನು ಕನಿಷ್ಠ 10 ವರ್ಷ ಇಡಬೇಕೆನ್ನುತ್ತದೆ. ಭಾರತದ ವೈದ್ಯಕೀಯ ಮಂಡಳಿಯ 2002ರ ನೀತಿಸಂಹಿತೆ ಒಳರೋಗಿಗಳ ದಾಖಲೆಯನ್ನು ವೈದ್ಯರು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷ ಇಟ್ಟಿರಬೇಕೆಂದೂ, ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದೂ ಹೇಳಿತು. ಮೂರು ವರ್ಷದ ದಾಖಲೆ ಎಂಟನೆಯ ವರ್ಷಕ್ಕೆ ಬರುವ ರೋಗಕ್ಕೆ ಸಾಕಾಗುವುದಿಲ್ಲವೆಂಬುದು ಲೆಕ್ಕ ಬಲ್ಲ ಯಾರಿಗೂ ತಿಳಿಯುತ್ತದೆ. 1973ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕಿದ್ವಾಯಿ ಗಂಥಿ ಸಂಸ್ಥೆಯಂಥ ದೊಡ್ಡ ಕೇಂದ್ರಗಳಿಗೆ ಬರುವವರಲ್ಲಿ ಮೊದಲ ಶಸ್ತ್ರಚಿಕಿತ್ಸೆಯನ್ನು ತಮ್ಮ ಊರಿನ ನರ್ಸಿಂಗ್ ಹೋಮಿನಲ್ಲಿ ಮಾಡಿಸಿಕೊಂಡವರೂ ಇರುತ್ತಾರೆ. ಅಂಥವರ ಅಂಗಾಂಶ ಹೋದದ್ದು ಮತ್ತೊಂದು ಖಾಸಗಿ ಪ್ರಯೋಗಾಲಯಕ್ಕೆ. ಬ್ಲಾಕನ್ನು ರೋಗಿಯ ಕಡೆಯವರು ಅರ್ಜಿ ಕೊಟ್ಟು ಪಡೆಯಬಹುದು. ಕೊಡುವ ಪ್ರಯೋಗಾಲಯ ಸಹಿ ಹಾಕಿಸಿಕೊಳ್ಳುತ್ತದೆ, ಕೆಲವೊಮ್ಮೆ ಬ್ಲಾಕ್ ಬದಲು ಹೊಸದಾಗಿ ಕೊಯ್ದ ಸ್ಲೈಡುಗಳನ್ನು ಕೊಡುತ್ತದೆ. ಮೇಣ ಕರಗದಂತೆ ಬಿಸಿಲು, ಅಡುಗೆಮನೆ, ಕಾರಿನ ಮುಂಭಾಗಗಳಿಂದ ಅದನ್ನು ದೂರವಿಡಬೇಕು. ಎಕ್ಸ್‌ರೇ ಹಾಳೆಗಳನ್ನು ಬೀರುವಿನಲ್ಲಿ ಜೋಪಾನವಾಗಿ ಕೂಡಿಡುವ ಮನೆಗಳಲ್ಲೂ ಬಯಾಪ್ಸಿ ವರದಿಯ ಒಂದು ಹಾಳೆ ಇಲ್ಲದಿರುವುದು ವಿಚಿತ್ರ. ಎರಡರಲ್ಲಿ ಉಳಿಸಿಕೊಳ್ಳಬೇಕಾದದ್ದು ಅದೇ.

ನೆನಪಿನ ಬೆಲೆ ತೋರುವ ಹಳೆಯ ಉದಾಹರಣೆಯೊಂದು ಬಾಸ್ಟನ್ನಿನದು. 1971ರಲ್ಲಿ ಆರ್ಥರ್ ಹರ್ಬ್ಸ್ಟ್ ಮತ್ತು ಸಂಗಡಿಗರು ಹದಿಹರೆಯದ, ಇಪ್ಪತ್ತರ ಆಸುಪಾಸಿನ ಎಂಟು ಹೆಣ್ಣುಮಕ್ಕಳ ಯೋನಿಯ ಅಪರೂಪದ ಗ್ರಂಥಿಕ್ಯಾನ್ಸರ್ ಬಗ್ಗೆ ಬರೆದರು. ಎಂಟರಲ್ಲಿ ಏಳು ತಾಯಂದಿರು ಬಸುರಿನಲ್ಲಿ ಡೈಈಥೈಲ್‌ಸ್ಟಿಲ್‌ಬೆಸ್ಟ್ರಾಲ್ ಎಂಬ ಕೃತಕ ಈಸ್ಟ್ರೊಜೆನ್ ಸೇವಿಸಿದ್ದರು. ಅದೇ ವರ್ಷ ಅಮೆರಿಕ ಸರ್ಕಾರ ಬಸುರಿಯರಿಗೆ ಅದನ್ನು ಕೊಡಬಾರದೆಂದು ಎಚ್ಚರಿಸಿತು. ಗರ್ಭಕೊರಳು ಮತ್ತು ಯೋನಿಯ ಇಂಥ ಕ್ಲಿಯರ್ ಸೆಲ್ ಕ್ಯಾನ್ಸರ್‌ಗಳ ಒಂದು ನೋಂದಣಿಯನ್ನು ಹರ್ಬ್ಸ್ಟ್ ಆರಂಭಿಸಿದರು. ದಶಕಗಳ ಕಾಲ ಹಿಂಬಾಲಿಸಿದ್ದರಿಂದಲೇ ಈ ಬಗೆಯೂ ಹತ್ತು, ಇಪ್ಪತ್ತು ವರ್ಷಗಳ ನಂತರ ಶ್ವಾಸಕೋಶದಲ್ಲಿ ಮರಳಬಲ್ಲದೆಂಬುದು ತಿಳಿದುಬಂತು. ಮುಟ್ಟು ನಿಂತ ಹಿರಿಯ ಮಹಿಳೆಯರಲ್ಲಿ ಕಾಣುವ ಅಡಿನಾಯ್ಡ್ ಸಿಸ್ಟಿಕ್ ಕಾರ್ಸಿನೋಮಾ ಎಂಬ ಮತ್ತೊಂದು ಅಪರೂಪದ ಬಗೆಗೂ ಶ್ವಾಸಕೋಶಕ್ಕೆ ತಡವಾಗಿ ಹರಡುವ ಗುಣವಿದೆ. ಜೊಲ್ಲುಗ್ರಂಥಿಗಳಲ್ಲಿ ಹುಟ್ಟುವ ಅದೇ ಹೆಸರಿನ ಕ್ಯಾನ್ಸರ್‌ನದ್ದೂ ಇದೇ ಚಾಳಿ. ನ್ಯೂರೋಎಂಡೋಕ್ರೈನ್ ಬಗೆಯದು ಪೂರ್ತಿ ಬೇರೆ ಸ್ವಭಾವ. ಅದು ತಡಮಾಡುವುದೇ ಇಲ್ಲ.

ಹಳೆಯ ಬ್ಲಾಕ್ ಸಿಗದಿದ್ದಾಗ, ಹೊಸ ತುಣುಕು ಚಿಕ್ಕದಾದಾಗ ವರದಿ ಖಚಿತವಾಗಿರುವುದಿಲ್ಲ. ‘ಗರ್ಭಕೊರಳಿನ ಮೂಲದ ಕಡೆಗೆ ಒಲವು, ಇತಿಹಾಸದೊಂದಿಗೆ ತಾಳೆ ನೋಡಿ’ ಎಂಬ ಧಾಟಿಯ ವಾಕ್ಯ ಬರುತ್ತದೆ. ರೋಗಿಯ ಕಡೆಯವರಿಗೆ ಇದು ಜಾರಿಕೊಳ್ಳುವ ಮಾತಿನಂತೆ ಕೇಳಿಸುತ್ತದೆ, ನಿಜವಾಗಿ ಅದು ಪ್ರಾಮಾಣಿಕ ವರದಿ. ಆಗ ಒಂಟಿ ಗಂಟಾದರೆ ಕ್ಯಾಮರಾ ಹಾಕಿ ಸಣ್ಣ ರಂಧ್ರದ ಮೂಲಕ ಗಂಟನ್ನು ಪೂರ್ತಿ ತೆಗೆದು ನೋಡುವುದು ಒಳ್ಳೆಯ ದಾರಿ. ಪೆಥಾಲಜಿಸ್ಟ್‌ಗೆ ಬೇಕಾದಷ್ಟು ಅಂಗಾಂಶ ಸಿಗುತ್ತದೆ, ಚಿಕಿತ್ಸೆಯ ಒಂದು ಭಾಗವೂ ಅದರಲ್ಲೇ ಆಗುತ್ತದೆ.

ಮೂಲ ಯಾವುದೆಂದು ಇಷ್ಟು ಹೆಣಗುವುದಕ್ಕೆ ಕಾರಣ ಮುಂದಿನ ಚಿಕಿತ್ಸೆ. ಶ್ವಾಸಕೋಶದಲ್ಲೇ ಹುಟ್ಟಿದ ಒಂಟಿ ಚಿಕ್ಕ ಕ್ಯಾನ್ಸರ್ ಆರಂಭದ ಹಂತದ್ದು. ಹಾಲೆಯನ್ನೋ ಅದರ ಭಾಗವನ್ನೋ ತೆಗೆದು, ಎದೆಯ ದುಗ್ಧಗ್ರಂಥಿಗಳನ್ನೂ ಪರಿಶೀಲಿಸುತ್ತಾರೆ. ಅದೇ ಗಂಟು ಗರ್ಭಕೊರಳಿನದ್ದಾದರೆ ಗಂಟನ್ನು ಸುತ್ತಲಿನ ಸ್ವಲ್ಪ ಅಂಚಿನೊಂದಿಗೆ ತೆಗೆದರೆ ಸಾಕಾಗಬಹುದು, ಹಾಲೆಯನ್ನು ಬಲಿಕೊಡಬೇಕಾಗಿಲ್ಲ. ಔಷಧಗಳೂ ಬೇರೆ. ಶ್ವಾಸಕೋಶದ ಅಡಿನೋಕಾರ್ಸಿನೋಮಾಗೆ ಬಳಸುವ ಪೆಮೆಟ್ರೆಕ್ಸೆಡ್ ಗರ್ಭಕೊರಳಿನದ್ದಕ್ಕೆ ಮೊದಲ ಆಯ್ಕೆಯಲ್ಲ. ಇಲ್ಲಿ ಪ್ಲಾಟಿನಂ ಜೊತೆ ಪ್ಯಾಕ್ಲಿಟ್ಯಾಕ್ಸೆಲ್, ಕೆಲವರಿಗೆ ಬೆವಾಸಿಝುಮ್ಯಾಬ್. ಮೀಸೋನೆಫ್ರಿಕ್ ಬಗೆಗೇ ಮೀಸಲಾದ ದೊಡ್ಡ ಚಿಕಿತ್ಸಾ ಪ್ರಯೋಗಗಳು ನಡೆದಿಲ್ಲ, ಅಷ್ಟು ರೋಗಿಗಳು ಒಂದೆಡೆ ಸಿಗುವುದಿಲ್ಲ. ಹಾಗಾಗಿ ಗಂಟುಗಳ ಸಂಖ್ಯೆ, ಬೆಳೆಯುವ ವೇಗ, ರೋಗಿಯ ಶಕ್ತಿಗಳನ್ನು ನೋಡಿ ಶಸ್ತ್ರವೈದ್ಯರು, ಕಿಮೋ ಮತ್ತು ವಿಕಿರಣ ತಜ್ಞರು, ಪೆಥಾಲಜಿಸ್ಟ್ ಒಟ್ಟಿಗೆ ಕುಳಿತು ನಿರ್ಧರಿಸುತ್ತಾರೆ. ನಿಧಾನವಾಗಿ ಬೆಳೆಯುವ ಕೆಲವೇ ಗಂಟುಗಳಿದ್ದು ಅವೆಲ್ಲವನ್ನೂ ತೆಗೆಯಲು ಸಾಧ್ಯವಾದವರಲ್ಲಿ ಮುಂದೆ ಹಲವು ವರ್ಷ ಆರೋಗ್ಯವಾಗಿ ಕಳೆದವರಿದ್ದಾರೆ. ಅವರ ತಪಾಸಣೆಯಲ್ಲಿ ಅಂದಿನಿಂದ ಕಿಬ್ಬೊಟ್ಟೆಯ ಜೊತೆಗೆ ಎದೆಯ ಸಿಟಿಯೂ ಸೇರಿಕೊಳ್ಳುತ್ತದೆ.